ಮೂರು ರಾಯರನ್ನು ಮನೆಯೊಳಗೆ ನಡೆಸಿಕೊಂಡು ಬನ್ನಿ

ಪ್ರಶ್ನೆ: ನಾವು ಬದಿಯಡ್ಕ ಸಮೀಪದವರು. ಮನೆಮಾತು ಕೊಂಕಣಿ, ಮಕ್ಕಳು ಓದುವುದು ಕನ್ನಡ ಮಾಧ್ಯಮದಲ್ಲಿ. ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಪ್ರತಿ ವರ್ಷ ಹೊಸ ವರ್ಷದ ಮರುದಿನವೇ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಬಿಚ್ಚಿ ಅಟ್ಟಕ್ಕೆ ಹಾಕಿಬಿಡುತ್ತೇವೆ. ಈ ಸಲ ಮೂರು ರಾಯರ ಹಬ್ಬವನ್ನು, ಅಂದರೆ ನಕ್ಷತ್ರ ಹಿಂಬಾಲಿಸಿ ಶಿಶು ಯೇಸುವನ್ನು ಕಾಣಲು ಮೂಡಣದಿಂದ ಬಂದವರ ಹಬ್ಬವನ್ನು, ಮಕ್ಕಳೊಂದಿಗೆ ಆಚರಿಸಬೇಕೆಂಬ ಆಸೆ. ಮೊಬೈಲಿನಲ್ಲಿ ಹುಡುಕಿದರೆ ಕಿರೀಟ, ಕೇಕ್, ಬಾಗಿಲ ಮೇಲೆ ಸೀಮೆಸುಣ್ಣದ ಬರಹ ಎಂದು ನೂರೆಂಟು ಸಿಗುತ್ತವೆ. ನೆರೆಮನೆಯ ಮಲಯಾಳಿ ಕುಟುಂಬ ಅದೇ ದಿನ ಅಂಗಳದಲ್ಲಿ ಬಾಳೆದಿಂಡು ನೆಟ್ಟು ದೀಪ ಹಚ್ಚುತ್ತದೆ. ಅತ್ತೆಯವರು ‘ಇದೆಲ್ಲ ನಮ್ಮಲ್ಲಿಲ್ಲ’ ಎನ್ನುತ್ತಾರೆ. ಯಾವುದನ್ನು ಮಾಡಲಿ, ಯಾವುದನ್ನು ಬಿಡಲಿ? ಹಬ್ಬ ನಿಜವಾಗಿ ಯಾವ ದಿನ?

ಉತ್ತರ: ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಹಬ್ಬದ ಮೂಲ ದಿನ ಜನವರಿ 6. ಆದರೆ ಭಾರತದ ಲ್ಯಾಟಿನ್ ಕಥೊಲಿಕ ದೇವಾಲಯಗಳಲ್ಲಿ, ಅಂದರೆ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದ ನಿಮ್ಮ ಬೇಳ, ಕಯ್ಯಾರು ಕಡೆಯ ಇಗರ್ಜಿಗಳಲ್ಲಿ, ಅದನ್ನು ಜನವರಿ 2ರಿಂದ 8ರ ನಡುವೆ ಬರುವ ಭಾನುವಾರಕ್ಕೆ ತರಲಾಗುತ್ತದೆ. 2027ರಲ್ಲಿ ಆ ಭಾನುವಾರ ಜನವರಿ 3. ನಿಮ್ಮ ನೆರೆಯವರು ಕೇರಳದ ಸಿರೋ ಮಲಬಾರ್ (ಸಿರಿಯಕ್ ಕ್ರಮದ ಕಥೊಲಿಕ) ಸಂಪ್ರದಾಯದವರಿರಬೇಕು. ಅವರಿಗೆ ಜನವರಿ 6 ಎಂದರೆ 6. ಹಾಗಾಗಿ ಎರಡು ಮನೆಗಳ ನಡುವೆ ಎರಡು ಮೂರು ದಿನ ವ್ಯತ್ಯಾಸ ಬಂದರೆ ಯಾರೋ ತಪ್ಪಿದ್ದಾರೆ ಎಂದಲ್ಲ. ನನ್ನ ಸಲಹೆ: ಭಾನುವಾರ ಇಗರ್ಜಿಯಲ್ಲಿ ಬಲಿಪೂಜೆ, ಜನವರಿ 6ರ ಸಂಜೆ ಮನೆಯಲ್ಲಿ ಹಬ್ಬ. ಆ ಹೊತ್ತಿಗೆ ಕೇರಳದ ಶಾಲೆಗಳು ಕ್ರಿಸ್‌ಮಸ್ ರಜೆ ಮುಗಿಸಿ ತೆರೆದಿರುತ್ತವೆ, ಬೆಳಗ್ಗೆ ಸಮಯ ಸಿಗುವುದಿಲ್ಲ. ಸಂಜೆ ಸಾಕು. ನಕ್ಷತ್ರದ ಹಬ್ಬಕ್ಕೆ ಸಂಜೆಯೇ ಒಪ್ಪುವ ಹೊತ್ತು.

ಇನ್ನು ಮುಖ್ಯ ವಿಷಯ. ನಾನು ಈ ಭಾಗದ ಮಕ್ಕಳಿಗೆ ಬಹಳ ಕಾಲ ಧರ್ಮೋಪದೇಶ ಹೇಳಿಕೊಟ್ಟವಳು, ಕೈಕೆಲಸ ಕಲಿಸಿದವಳು. ಈ ಹಬ್ಬ ನಮ್ಮ ಮನೆಗಳಲ್ಲಿ ಸಪ್ಪೆಯಾಗಿರುವುದಕ್ಕೆ ನನಗೆ ಕಾಣುವ ಕಾರಣ ಒಂದೇ: ಡಿಸೆಂಬರ್ 24ರ ರಾತ್ರಿ ಗೋದಲಿ ಕಟ್ಟುವಾಗ ಕುರುಬರ ಪಕ್ಕದಲ್ಲಿ ಮೂರು ರಾಯರನ್ನೂ ಒಂಟೆಗಳನ್ನೂ ಸಾಲಾಗಿ ನಿಲ್ಲಿಸಿಬಿಡುತ್ತೇವೆ. ಬರಬೇಕಾದವರು ಆಗಲೇ ಬಂದು ನಿಂತಿದ್ದಾರೆ. ಹದಿಮೂರು ದಿನ ಕಳೆದು ‘ಇವತ್ತು ರಾಯರು ಬಂದರು’ ಎಂದರೆ ಐದು ವರ್ಷದ ಮಗು ನಿಮ್ಮ ಮುಖ ನೋಡುತ್ತದೆ. ಅದನ್ನು ಮರುಳು ಮಾಡುವುದು ಸಾಧ್ಯವಿಲ್ಲ. ಕೇಕ್, ಕಿರೀಟ, ತೋರಣ ಏನು ತಂದರೂ ಕಥೆಯ ಗಾಳಿ ಆಗಲೇ ಹೋಗಿದೆ.

ಆದ್ದರಿಂದ ಮೊದಲ ಕೆಲಸ, ರಾಯರನ್ನು ಗೋದಲಿಯಿಂದ ಹೊರಗೆ ಹಾಕುವುದು. ಕ್ರಿಸ್‌ಮಸ್ ದಿನ ಅವರು ಮನೆಯ ಅತ್ಯಂತ ಪೂರ್ವದ ಮೂಲೆಯಲ್ಲಿರಲಿ. ಮೂಡಣದಿಂದ ಬಂದವರಲ್ಲವೇ? ಬೆಳಗ್ಗೆ ಸೂರ್ಯ ಯಾವ ಕಿಟಕಿಯಲ್ಲಿ ಕಾಣಿಸುತ್ತಾನೆ ಎಂದು ಮಗಳೇ ಕಂಡುಹಿಡಿಯಲಿ. ಅಲ್ಲಿಂದ ದಿನಕ್ಕೊಂದು ಹೆಜ್ಜೆ, ಪಡುವಣಕ್ಕೆ. ಜನವರಿ 6ರ ಸಂಜೆ ಗೋದಲಿ ತಲುಪಬೇಕು. ಇಷ್ಟನ್ನು ಮಾಡಿ, ಬೇರೆ ಏನನ್ನೂ ಮಾಡದಿದ್ದರೂ ಹಬ್ಬ ಆದಂತೆಯೇ.

ಅಂಗಡಿಯಿಂದ ತಂದ ಪ್ಲಾಸ್ಟರ್ ಗೊಂಬೆಗಳನ್ನು ಮಕ್ಕಳ ಕೈಗೆ ಕೊಟ್ಟರೆ ಮೂರನೆಯ ದಿನಕ್ಕೆ ಒಬ್ಬ ರಾಯನಿಗೆ ತಲೆ ಇರುವುದಿಲ್ಲ. ಆದ್ದರಿಂದ ನಡೆಯುವ ರಾಯರನ್ನು ಮಕ್ಕಳೇ ಮಾಡಲಿ. ನಿಮ್ಮ ತೋಟದಲ್ಲಿ ಬಿದ್ದಿರುವುದೇ ಸಾಕು. ಚೆನ್ನಾಗಿ ಒಣಗಿದ, ಬೂಷ್ಟು ಹಿಡಿಯದ ಅಡಿಕೆ ಹಾಳೆಯೊಂದನ್ನು ತಂದು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಮೆತ್ತಗಾದ ಮೇಲೆ ಸುಮಾರು 15 ಸೆಂಟಿಮೀಟರ್ ತ್ರಿಜ್ಯದ ಅರ್ಧ ವೃತ್ತ ಗುರುತು ಹಾಕಿ ಕತ್ತರಿಸಿ. ಇಲ್ಲೊಂದು ಸೂಕ್ಷ್ಮ ಇದೆ: ಸುತ್ತಿದ ಮೇಲೆ ಹಾಳೆಯ ನಾರು ತುದಿಯಿಂದ ಬುಡಕ್ಕೆ ಇಳಿಯುವಂತೆ ಕತ್ತರಿಸಬೇಕು. ಅಡ್ಡವಾಗಿ ಕತ್ತರಿಸಿದರೆ ಸುತ್ತುವಾಗ ಸೀಳಿಹೋಗುತ್ತದೆ, ಮಗು ಅಳುತ್ತದೆ, ಆ ದಿನದ ಕೆಲಸ ಅಲ್ಲಿಗೇ ಮುಗಿಯುತ್ತದೆ. ಅರ್ಧ ವೃತ್ತವನ್ನು ಕಡಲೆ ಪೊಟ್ಟಣದ ಹಾಗೆ ಸುತ್ತಿ, ಸೇರಿದ ಅಂಚಿಗೆ ಹಿಡಿಸೂಡಿ ಕಡ್ಡಿಯಿಂದ ಎರಡು ಹೊಲಿಗೆ ಹಾಕಿ. ಹಲಸಿನ ಎಲೆಯಲ್ಲಿ ಕೊಟ್ಟೆ ಕಟ್ಟಲು ಬರುವ ಕೈಗೆ ಇದು ಹೇಳಿಕೊಡಬೇಕಾದ ಕೆಲಸವೇ ಅಲ್ಲ. ನಿಮ್ಮ ಅತ್ತೆಯವರನ್ನು ಈ ಹಂತದಲ್ಲಿ ಕರೆಯಿರಿ. ಬಾಳೆನಾರಿನಲ್ಲಿ ಒಂದು ಸುತ್ತು ಬಿಗಿದು ರಾತ್ರಿ ನೆರಳಿನಲ್ಲಿ ಒಣಗಲು ಬಿಟ್ಟರೆ ಬೆಳಗ್ಗೆ ಕಲ್ಲಿನಷ್ಟು ಗಟ್ಟಿ. ರಾಯನ ನಿಲುವಂಗಿ ತಯಾರು.

ತಲೆಗೆ ಗೋಟಡಿಕೆ. ಸಿಪ್ಪೆ ಸಹಿತ ಒಣಗಿದ ಒಂದು ಅಡಿಕೆಗೆ ದೊಡ್ಡವರು ಮೊಳೆಯಿಂದ ತೂತು ಮಾಡಿಕೊಡಿ. ಕಡ್ಡಿಯೊಂದನ್ನು ಆ ತೂತಿಗೆ ಸಿಕ್ಕಿಸಿ ನಿಲುವಂಗಿಯ ತುದಿಯಿಂದ ಒಳಕ್ಕೆ ಇಳಿಸಿದರೆ ತಲೆ ಕೂತಿತು. ಒಬ್ಬನಿಗೆ ಅಡಿಕೆ ಸಿಪ್ಪೆಯ ನಾರಿನ ಉದ್ದ ಗಡ್ಡ, ಒಬ್ಬನಿಗೆ ಇದ್ದಿಲಿನಲ್ಲಿ ಬರೆದ ಕುಡಿಮೀಸೆ, ಮತ್ತೊಬ್ಬ ಗಡ್ಡಮೀಸೆಯಿಲ್ಲದ ತರುಣ. ಮುದುಕ, ನಡುವಯಸ್ಸಿನವ, ತರುಣ ಎಂದು ಮೂರು ಪ್ರಾಯದವರನ್ನು ಚಿತ್ರಿಸುವುದು ಯುರೋಪಿನ ಹಳೆಯ ಚಿತ್ರಕಾರರ ರೂಢಿ. ನಮ್ಮ ಮಕ್ಕಳು ಅದನ್ನು ಯಾರೂ ಹೇಳಿಕೊಡದೆ ಅಜ್ಜ, ಅಪ್ಪ, ಅಣ್ಣ ಎಂದು ಮಾಡಿಕೊಳ್ಳುತ್ತಾರೆ. ಬಟ್ಟೆಗೆ ಬಣ್ಣ ಬೇಕೆಂದರೆ ಅರಶಿನವನ್ನು ನೀರಿನಲ್ಲಿ ಕಲಸಿ ಹಚ್ಚಿ. ಅದೇ ಅರಶಿನಕ್ಕೆ ವೀಳ್ಯದ ಸುಣ್ಣ ಒಂದು ಚಿಟಿಕೆ ಸೇರಿಸಿದರೆ ಕೆಂಪಾಗುತ್ತದೆ. ಮಕ್ಕಳು ಕಣ್ಣರಳಿಸಿ ನೋಡುವ ಕ್ಷಣ ಇದು. ಸುಣ್ಣ ಮಾತ್ರ ನಿಮ್ಮ ಕೈಯಲ್ಲಿರಲಿ, ಚರ್ಮಕ್ಕೂ ಕಣ್ಣಿಗೂ ಒಳ್ಳೆಯದಲ್ಲ.

ಕಿರೀಟದ ವಿಷಯಕ್ಕೆ ಬಂದರೆ, ನಾನು ಕಲಿಸಿದ ಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿ ರಾಯರಿಗೆ ಯಕ್ಷಗಾನದ ಕಿರೀಟವನ್ನೇ ಬರೆದಿದ್ದಾರೆ, ಕೆಲವರು ಭುಜಕೀರ್ತಿಯನ್ನೂ ಬಿಟ್ಟಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ರಾಜ ಎಂದರೆ ವೇಷ ಕಟ್ಟುವ ಚೌಕಿಯಿಂದ ಎದ್ದುಬಂದವನೇ. ದಯವಿಟ್ಟು ತಿದ್ದಲು ಹೋಗಬೇಡಿ. ಇಂಗ್ಲಿಷ್ ಶುಭಾಶಯ ಪತ್ರದಲ್ಲಿರುವ ಕಿರೀಟ ಕೂಡ ಯಾರೋ ಯುರೋಪಿನವರು ತಮ್ಮ ರಾಜರನ್ನು ನೋಡಿ ಬರೆದದ್ದು. ಮಕ್ಕಳ ತಲೆಗೇ ಕಿರೀಟ ಬೇಕಾದರೆ ಹಲಸಿನ ಎಲೆಗಳನ್ನು ಕಡ್ಡಿಯಿಂದ ಒಂದಕ್ಕೊಂದು ಚುಚ್ಚಿ ಮಾಡಿದ್ದರ ಮುಂದೆ ಮಿನುಗು ಕಾಗದದ್ದು ಏನೂ ಅಲ್ಲ. ಜನವರಿಯ ಹೊತ್ತಿಗೆ ಎಲೆ ಧಾರಾಳ.

ದಾರಿಯ ಯೋಜನೆ ಮಕ್ಕಳಿಗೇ ಬಿಡಿ, ಆದರೆ ಮೂರು ತಾಣಗಳನ್ನು ನೀವು ಹೇಳಿಕೊಡಬೇಕು. ಒಂದು, ಮರುಭೂಮಿ. ಡಿಸೆಂಬರ್ ಜನವರಿಯಲ್ಲಿ ನಿಮ್ಮ ಅಂಗಳದಲ್ಲಿ ಅಡಿಕೆ ಒಣಗಲು ಹರಡಿಯೇ ಇರುತ್ತದೆ; ರಾಯರು ಅದರ ನಡುವೆ ಎರಡು ದಿನ ನಡೆಯಲಿ. ಸಂಜೆ ಅಡಿಕೆ ರಾಶಿ ಮಾಡುವಾಗ ಅವರನ್ನು ಮರೆಯದೆ ಒಳಗೆ ತರುವುದು ಮಗನ ಜವಾಬ್ದಾರಿ. ಎರಡು, ಯೆರೂಸಲೇಮ್, ಅಲ್ಲಿನ ರಾಜ ಹೆರೋದನ ಅರಮನೆ. ಟಿ.ವಿ. ಇಡುವ ಕಪಾಟಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಮಗುಚಿಟ್ಟರೆ ಅರಮನೆ ಆಯಿತು. ರಾಯರು ಅಲ್ಲಿ ಒಂದು ರಾತ್ರಿ ತಂಗಬೇಕು, ಆ ರಾತ್ರಿ ನಕ್ಷತ್ರವನ್ನು ಮರೆಯಲ್ಲಿಡಿ. ಮರುದಿನ ಬೆತ್ಲೆಹೇಮಿನ ದಾರಿ ಹಿಡಿದಾಗ ಮತ್ತೆ ತೂಗುಹಾಕಿ. ಯೆರೂಸಲೇಮಿನಿಂದ ಬೆತ್ಲೆಹೇಮಿಗೆ ಸುಮಾರು 9 ಕಿಲೋಮೀಟರ್; ನಿಮ್ಮ ಮನೆಯಿಂದ ಅಷ್ಟು ದೂರದಲ್ಲಿರುವ, ಮಕ್ಕಳು ಬಸ್ಸಿನಲ್ಲಿ ಹೋಗಿಬಂದ ಊರೊಂದನ್ನು ಹೆಸರಿಸಿದರೆ ಅಳತೆ ಮನಸ್ಸಿಗೆ ಕೂರುತ್ತದೆ. ಮೂರನೆಯದು ಗೋದಲಿ.

ಹಬ್ಬದ ಮರುದಿನ ಇನ್ನೊಂದು ಕೆಲಸ ಉಳಿದಿದೆ, ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ರಾಯರಿಗೆ ಕನಸಿನಲ್ಲಿ ಎಚ್ಚರಿಕೆ ಬರುತ್ತದೆ, ಅವರು ಹೆರೋದನ ಬಳಿಗೆ ಹಿಂದಿರುಗದೆ ಬೇರೆ ದಾರಿಯಿಂದ ತಮ್ಮ ನಾಡಿಗೆ ಹೋಗುತ್ತಾರೆ. ಆದ್ದರಿಂದ ರಾಯರು ಗೋದಲಿಯಿಂದ ಹೊರಡುವಾಗ ಟಿ.ವಿ. ಕಪಾಟಿನ ಕಡೆ ಹೋಗಕೂಡದು. ಅಡುಗೆಮನೆಯಿಂದಲೋ ಹಿಂದಿನ ಜಗಲಿಯಿಂದಲೋ ಹೊರಬೀಳಬೇಕು. ಹೆರೋದನಿಗೆ ಚಳ್ಳೆಹಣ್ಣು ತಿನ್ನಿಸುವುದು ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ.

ನಡೆಯುವ ಈ ದಿನಗಳಲ್ಲಿ ಪ್ರಶ್ನೆಗಳು ಬಂದೇ ಬರುತ್ತವೆ. ಎಂಟು ವರ್ಷದವಳು ಸುಮ್ಮನಿರುವುದಿಲ್ಲ. ಉತ್ತರ ಮೊದಲೇ ತಯಾರಿಟ್ಟುಕೊಳ್ಳಿ, ಮತ್ತು ಗ್ರಂಥದಲ್ಲಿರುವುದೇನು, ಸಂಪ್ರದಾಯ ಸೇರಿಸಿದ್ದೇನು ಎಂಬುದನ್ನು ಬೆರೆಸಬೇಡಿ. ಮತ್ತಾಯ ಅವರನ್ನು ರಾಜರು ಎಂದು ಕರೆಯುವುದಿಲ್ಲ. ನಕ್ಷತ್ರ ಓದಬಲ್ಲ ಜ್ಞಾನಿಗಳು, ನಮ್ಮ ಹಳೆಯ ಕನ್ನಡ ಬೈಬಲಿನ ಮಾತಿನಲ್ಲಿ ಜೋಯಿಸರು. ಎಷ್ಟು ಮಂದಿ ಎಂದೂ ಹೇಳುವುದಿಲ್ಲ. ಕಾಣಿಕೆ ಮೂರು ಇದ್ದುದರಿಂದ ಪಶ್ಚಿಮದ ಕ್ರೈಸ್ತ ಸಭೆ ಮೂವರು ಎಂದಿತು. ಸಿರಿಯಕ್ ಸಂಪ್ರದಾಯದಲ್ಲಿ ಹನ್ನೆರಡು ಮಂದಿ ಎನ್ನುವುದೂ ಇದೆ. ಕಾಸ್ಪರ್, ಮೆಲ್ಕಿಯೋರ್, ಬಲ್ತಜಾರ್ ಎಂಬ ಹೆಸರುಗಳು ಶತಮಾನಗಳ ನಂತರ ಸೇರಿಕೊಂಡವು. ಇಟಲಿಯ ರವೆನ್ನಾದ ಇಗರ್ಜಿಯೊಂದರ ಗೋಡೆಯ ಮೇಲೆ 6ನೇ ಶತಮಾನದ ಚಿತ್ರದಲ್ಲಿ ಅವು ಕಾಣಿಸುತ್ತವೆ. ಒಂಟೆ ಕೂಡ ಮತ್ತಾಯನಲ್ಲಿ ಇಲ್ಲ, ಯೆಶಾಯನ ಪ್ರವಾದನೆಯ 60ನೇ ಅಧ್ಯಾಯದಿಂದ ಬಂದದ್ದು. ಹಬ್ಬದ ದಿನದ ಮೊದಲ ವಾಚನವೇ ಅದು. ಅವರು ಬಂದದ್ದು ದನದ ಕೊಟ್ಟಿಗೆಗಲ್ಲ, ‘ಮನೆ’ಗೆ ಎಂದು ಸುವಾರ್ತೆ ಹೇಳುತ್ತದೆ. ಇದನ್ನೆಲ್ಲ ಹೇಳಿದರೆ ಮಕ್ಕಳ ಭಕ್ತಿ ಕಡಿಮೆಯಾಗುತ್ತದೆ ಎಂಬ ಭಯ ಬೇಡ. ಮಕ್ಕಳು ಇಂತಹ ಗುಟ್ಟುಗಳನ್ನು ನಿಧಿಯಂತೆ ಹೊತ್ತುಕೊಂಡು ತಿರುಗುತ್ತಾರೆ.

ಎರಡು ಪ್ರಶ್ನೆಗಳು ಸ್ವಲ್ಪ ಕಷ್ಟದವು. ಒಂದು: ‘ಜೋತಿಷ್ಯ ನೋಡಬಾರದು ಎಂದು ಧರ್ಮೋಪದೇಶದಲ್ಲಿ ಹೇಳುತ್ತಾರೆ, ಇವರು ನಕ್ಷತ್ರ ನೋಡಿಕೊಂಡೇ ಬಂದರಲ್ಲ?’ ನಮ್ಮಲ್ಲಿ ಪಕ್ಕದ ಮನೆಯವರು ಪಂಚಾಂಗ ನೋಡದೆ ಗದ್ದೆಗೆ ಇಳಿಯದಿರುವಾಗ ಈ ಪ್ರಶ್ನೆ ಬರಲೇಬೇಕು. ಕಥೆಯೊಳಗೇ ಉತ್ತರವಿದೆ. ನಕ್ಷತ್ರ ಅವರನ್ನು ಯೆರೂಸಲೇಮಿನವರೆಗೆ ತಂದಿತು, ಅಲ್ಲಿ ಅವರು ದಾರಿ ಕೇಳಬೇಕಾಯಿತು. ಮೀಕ ಪ್ರವಾದಿಯ ಗ್ರಂಥವನ್ನು ಓದಿದ ಶಾಸ್ತ್ರಿಗಳು ಬೆತ್ಲೆಹೇಮ್ ಎಂದು ಹೇಳಿದ ಮೇಲೆಯೇ ಮುಂದಿನ ಪ್ರಯಾಣ. ಆಕಾಶ ನೋಡಿ ಹೊರಟವರಿಗೂ ಗ್ರಂಥ ಬೇಕಾಯಿತು, ಗ್ರಂಥ ಓದಿದ್ದವರಾದರೋ ಕೂತಲ್ಲಿಂದ ಏಳಲೇ ಇಲ್ಲ. ನೆರೆಯವರ ಪಂಚಾಂಗವನ್ನು ಹಗುರವಾಗಿ ಆಡದೆಯೇ ಇದನ್ನು ವಿವರಿಸಬಹುದು, ವಿವರಿಸಿ.

ಇನ್ನೊಂದು: ಹೆರೋದನು ಬೆತ್ಲೆಹೇಮಿನ ಎಳೆಯ ಮಕ್ಕಳನ್ನು ಕೊಲ್ಲಿಸಿದ್ದು. ಡಿಸೆಂಬರ್ 28ರಂದು ಸಭೆ ಆ ಮಕ್ಕಳನ್ನು ನೆನೆಯುತ್ತದೆ. ಐದು ವರ್ಷದವನಿಗೆ ‘ಹೆರೋದ ಕೆಟ್ಟವನು, ಯೇಸುವಿಗೆ ಕೇಡು ಬಗೆದ, ಮರಿಯಮ್ಮ ಜೋಸೆಫರು ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿದರು’ ಎಂಬಷ್ಟು ಸಾಕು. ಎಂಟು ವರ್ಷದವಳು ಕೇಳಿದರೆ ಮಾತ್ರ, ಕೇಳಿದಷ್ಟಕ್ಕೆ ಮಾತ್ರ, ನೇರವಾಗಿ ಹೇಳಿ. ರಾತ್ರಿ ಮಲಗುವ ಹೊತ್ತಿನಲ್ಲಿ ಬೇಡ.

ಕಾಣಿಕೆಗಳ ಬಗ್ಗೆ. ಚಿನ್ನ ಮಕ್ಕಳಿಗೆ ಗೊತ್ತು. ಧೂಪ, ರಕ್ತಬೋಳ ಎರಡೂ ಬರಿಯ ಶಬ್ದಗಳಾಗಿ ಉಳಿದಿರುತ್ತವೆ. ಮೂಗಿಗೆ ತೋರಿಸಿ, ಮರೆಯುವುದಿಲ್ಲ. ಕಾಸರಗೋಡಿನವರಿಗೆ ಇದು ಬೇರೆಲ್ಲರಿಗಿಂತ ಸುಲಭ. ನಿಮ್ಮ ಬಂಧುಗಳಲ್ಲಿ, ಇಲ್ಲವೇ ನೆರೆಯ ಬ್ಯಾರಿ, ಮಾಪಿಳ್ಳೆ ಮನೆಗಳಲ್ಲಿ ಯಾರಾದರೂ ಒಮಾನಿನಲ್ಲಿ ಇರಬಹುದು. ಅಲ್ಲಿ ಸಲಾಲ ಪಟ್ಟಣದ ಸುತ್ತಲಿನ ಧೋಫಾರ್ ಬೆಟ್ಟಗಳಲ್ಲಿ ಬೈಬಲಿನ ಧೂಪದ ಮರ ಬೆಳೆಯುತ್ತದೆ. ತೊಗಟೆ ಕೆತ್ತಿದರೆ ಹಾಲಿನಂತೆ ಒಸರಿ, ಒಣಗಿ ಹಳದಿ ಹರಳಾಗುತ್ತದೆ. ಅಲ್ಲಿನವರು ಲುಬಾನ್ ಎನ್ನುತ್ತಾರೆ. ರಜೆಗೆ ಬರುವವರಿಗೆ ಒಂದು ಮುಷ್ಟಿ ತರಲು ಹೇಳಿ. ಸಿಗದಿದ್ದರೆ ಇಗರ್ಜಿಯ ಧೂಪದಿಂದ ನಾಲ್ಕು ಹರಳು ಕೇಳಿ ಪಡೆಯಿರಿ, ಗುರುಗಳು ಇಲ್ಲವೆನ್ನಲಾರರು. ಊದುಬತ್ತಿ ಮಾತ್ರ ಬೇಡ, ಅದು ಬೇರೆಯೇ ವಾಸನೆ. ರಕ್ತಬೋಳ ಕೂಡ ಮರದ ಅಂಟೇ, ಅರೇಬಿಯ ಮತ್ತು ಸೊಮಾಲಿಯಾ ಕಡೆಯ ಮುಳ್ಳುಗಿಡದ್ದು. ಆಯುರ್ವೇದ ಸಾಮಗ್ರಿಯ ಅಂಗಡಿಯಲ್ಲಿ ಕೇಳಿ, ಆದರೆ ಆ ಹೆಸರಿನಲ್ಲಿ ಬೇರೆ ಪದಾರ್ಥವೂ ಮಾರಾಟವಾಗುವುದುಂಟು, ಆದ್ದರಿಂದ ಮೂಸಲು ಮಾತ್ರ, ಬಾಯಿಗೆ ಬೇಡ.

ಗೆರಟೆಯ ಕೆಂಡದ ಮೇಲೆ ಎರಡು ಹರಳು ಧೂಪ ಹಾಕಿ, ಕಿಟಕಿ ತೆರೆದಿಡಿ. ದಮ್ಮು ಇರುವವರು ಮನೆಯಲ್ಲಿದ್ದರೆ ಸುಡದೆ ಹರಳನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೂ ಸಾಕು. ನಂತರ ಹೇಳಿ: ಚಿನ್ನ ಅರಸನಿಗೆ, ಧೂಪ ದೇವರಿಗೆ, ರಕ್ತಬೋಳ ಸಾಯಲಿರುವವನಿಗೆ ಎಂದು ಸಭೆಯ ಪಿತೃಗಳು ಬಹಳ ಹಿಂದೆಯೇ ಅರ್ಥ ಹೇಳಿದರು. ಯೋಹಾನನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ನಿಕೊದೇಮನು ಯೇಸುವಿನ ಪಾರ್ಥಿವ ಶರೀರಕ್ಕೆ ಹಚ್ಚಲು ತಂದದ್ದೂ ಇದೇ ರಕ್ತಬೋಳ, ಅಗರುವಿನ ಜೊತೆ. ಮಗಳು ಅದನ್ನು ಶುಭ ಶುಕ್ರವಾರದವರೆಗೆ ನೆನಪಿಟ್ಟುಕೊಂಡರೆ ಆಶ್ಚರ್ಯಪಡಬೇಡಿ.

ಬಾಗಿಲ ಬರಹದ ವಿಚಾರ. ಜರ್ಮನಿ, ಪೋಲೆಂಡ್ ಕಡೆಯಿಂದ ಹರಡಿದ ಪದ್ಧತಿ. ಇಸವಿಯ ಮೊದಲ ಎರಡು ಅಂಕಿ, ನಡುವೆ ಶಿಲುಬೆಗಳ ಜೊತೆ ರಾಯರ ಹೆಸರಿನ ಮೊದಲ ಅಕ್ಷರಗಳು, ಕೊನೆಗೆ ಉಳಿದೆರಡು ಅಂಕಿ. ‘ಕ್ರಿಸ್ತನು ಈ ಮನೆಯನ್ನು ಆಶೀರ್ವದಿಸಲಿ’ ಎಂಬ ಲ್ಯಾಟಿನ್ ಪ್ರಾರ್ಥನೆಯ ಮೊದಲ ಅಕ್ಷರಗಳೂ ಅವೇ. ಹಬ್ಬದಂದು ಸೀಮೆಸುಣ್ಣವನ್ನು ಆಶೀರ್ವದಿಸುವ ಪ್ರಾರ್ಥನೆ ರೋಮನ್ ವಿಧಿಗ್ರಂಥದಲ್ಲಿಯೇ ಇದೆ. ಭಾನುವಾರ ಒಂದು ಕಡ್ಡಿ ಜೇಬಿನಲ್ಲಿಟ್ಟುಕೊಂಡು ಹೋಗಿ ಗುರುಗಳನ್ನು ಕೇಳಿ. ಇಂಗ್ಲಿಷ್ ಅಕ್ಷರವೇ ಆಗಬೇಕೆಂದಿಲ್ಲ. ಕನ್ನಡ ಶಾಲೆಯ ಮಕ್ಕಳು ‘೨೦ + ಕ + ಮ + ಬ + ೨೭’ ಎಂದು ಬರೆಯಲಿ, ರಾಯರ ಹೆಸರಿಗೂ ಸರಿ, ಕನ್ನಡ ಲಿಪಿಯಲ್ಲಿ ಬರೆದುಕೊಂಡ ಲ್ಯಾಟಿನ್ನಿಗೂ ಸರಿ. ಕನ್ನಡ ಅಂಕಿ ಬರೆಯುವ ಅಭ್ಯಾಸವೂ ಆಗುತ್ತದೆ, ಗಡಿನಾಡಿನಲ್ಲಿ ಅದಕ್ಕೆ ಬೇರೆ ಯಾವ ಸಂದರ್ಭ ಸಿಗುತ್ತದೆ ಹೇಳಿ! ಮಗನನ್ನು ಅಪ್ಪ ಹೆಗಲ ಮೇಲೆ ಎತ್ತಿಕೊಂಡು ಬರೆಸಲಿ. ಬಾಡಿಗೆ ಮನೆಯಾದರೆ ಸ್ಲೇಟಿನ ಮೇಲೆ ಬರೆದು ತೂಗುಹಾಕಿ, ಮಾಲೀಕರ ಜೊತೆ ಜಗಳ ಬೇಡ.

ಈಗ ಅತ್ತೆಯವರ ಮಾತು. ‘ನಮ್ಮಲ್ಲಿಲ್ಲ’ ಎನ್ನುವುದರಲ್ಲಿ ಅರ್ಧ ಸತ್ಯ ಇದೆ. ಮುದ್ರಿತ ಬಣ್ಣದ ಹಾಳೆ, ಪ್ಲಾಸ್ಟಿಕ್ ಕಿರೀಟ, ಮಿನುಗು ಪುಡಿ ನಮ್ಮಲ್ಲಿರಲಿಲ್ಲ, ಇರಬೇಕಾಗಿಯೂ ಇಲ್ಲ. ನಾನು ಅವರ ಪಕ್ಷ. ಆದರೆ ಹಬ್ಬ ನಮ್ಮದಲ್ಲ ಎಂದರೆ ಒಪ್ಪಲಾರೆ. ಕೊಂಕಣಿ ಕಥೊಲಿಕರ ಹಿರಿಯರು ಗೋವಾದಿಂದ ಬಂದವರು, ಅಲ್ಲಿ ಈ ಹಬ್ಬ ಬೀದಿಗಿಳಿಯುತ್ತದೆ. ಮಾಂಡವಿ ನದಿಯ ದಡದಲ್ಲಿ ಫ್ರಾನ್ಸಿಸ್ಕನ್ನರು 1555ರಲ್ಲಿ ಕಟ್ಟಿದ ಇಗರ್ಜಿಗೂ ಆ ಊರಿಗೂ ರೇಯಿಸ್ ಮಾಗೊಸ್, ಅಂದರೆ ಮೂರು ರಾಯರ ಹೆಸರೇ ಇದೆ. ದಕ್ಷಿಣ ಗೋವಾದ ಕುಯೆಲಿಂ ಗುಡ್ಡಕ್ಕೆ ಕನ್ಸಾವ್ಲಿ, ಅರೋಸಿಂ, ಕುಯೆಲಿಂ ಎಂಬ ಮೂರು ಊರುಗಳಿಂದ ಒಬ್ಬೊಬ್ಬ ಹುಡುಗ ಕಿರೀಟ ತೊಟ್ಟು, ಕುದುರೆ ಏರಿ, ತನ್ನ ತನ್ನ ದಾರಿಯಿಂದ ಮೇಲೇರಿ ಪ್ರಾರ್ಥನಾಲಯವನ್ನು ಸೇರುತ್ತಾನೆ. ಅತ್ತೆಯವರಿಗೆ ಇದನ್ನು ಹೇಳಿ. ಹೇಳಿ ಸುಮ್ಮನಿರಬೇಡಿ, ಅವರ ಬಾಲ್ಯದಲ್ಲಿ ಕ್ರಿಸ್‌ಮಸ್ಸಿನಿಂದ ಜನವರಿ ನಡುವಿನವರೆಗೆ ಮನೆಯಲ್ಲಿ ಏನು ನಡೆಯುತ್ತಿತ್ತು, ಯಾವ ಕೊಂಕಣಿ ಪ್ರಾರ್ಥನೆ ಹೇಳುತ್ತಿದ್ದರು ಎಂದು ಕೇಳಿ. ಜನವರಿ 6ರ ಸಂಜೆ ರಾಯರು ಗೋದಲಿ ಮುಟ್ಟುವಾಗ ಆ ಪ್ರಾರ್ಥನೆಯನ್ನು ಅವರೇ ನಡೆಸಿಕೊಡಲಿ. ಅದಕ್ಕಿಂತ ‘ನಮ್ಮದು’ ಬೇರೆ ಯಾವುದು?

ನೆರೆಮನೆಯ ಬಾಳೆದಿಂಡಿನದು ಇನ್ನೂ ಚೆಂದದ ಸಂಗತಿ. ಅದಕ್ಕೆ ಪಿಂಡಿಕುತ್ತಿ ಪೆರುನ್ನಾಳ್ ಎನ್ನುತ್ತಾರೆ. ತ್ರಿಶೂರು ಜಿಲ್ಲೆಯ ಇರಿಂಜಾಲಕುಡದಲ್ಲಿ ಬಹಳ ದೊಡ್ಡದಾಗಿ ನಡೆಯುತ್ತದೆ. ನಮ್ಮ ಜಿಲ್ಲೆಯ ಪೂರ್ವದ ಗುಡ್ಡಗಾಡಿಗೆ, ರಾಜಪುರ, ವೆಳ್ಳರಿಕುಂಡು ಕಡೆಗೆ, ತಿರುವಾಂಕೂರಿನಿಂದ 1940ರ ದಶಕದಿಂದ ಬಂದು ನೆಲೆಸಿದ ಕುಟುಂಬಗಳ ಜೊತೆ ಸಿರಿಯಕ್ ಸಂಪ್ರದಾಯದ ಹಬ್ಬಗಳೂ ಬಂದವು. ಮೂಲ ದಿನ ಒಂದೇ, ಆದರೆ ಅವರು ಅಂದು ಮುಖ್ಯವಾಗಿ ನೆನೆಯುವುದು ರಾಯರನ್ನಲ್ಲ, ಜೋರ್ಡನ್ ನದಿಯಲ್ಲಿ ನಡೆದ ಯೇಸುವಿನ ಸ್ನಾನದೀಕ್ಷೆಯನ್ನು. ಲೋಕಕ್ಕೆ ಯೇಸು ಪ್ರಕಟವಾದದ್ದೇ ಎರಡರ ತಿರುಳು. ಪಶ್ಚಿಮದ ಸಭೆ ನಕ್ಷತ್ರದ ಕಡೆ ನೋಡಿತು, ಪೂರ್ವದ ಸಭೆ ನೀರಿನ ಕಡೆ. ಹಾಗಾಗಿ ನಿಮ್ಮ ಅಂಗಳದಲ್ಲಿ ಇನ್ನೊಂದು ದಿಂಡು ನೆಟ್ಟು ನಕಲು ಮಾಡುವುದಕ್ಕಿಂತ ಮಕ್ಕಳನ್ನು ಕರೆದುಕೊಂಡು ಅವರ ಮನೆಗೇ ಹೋಗಿ. ದಿಂಡಿಗೆ ಕಡ್ಡಿ ಚುಚ್ಚಿ ದೀಪ ಕೂರಿಸುವ ಕೆಲಸಕ್ಕೆ ಮಕ್ಕಳ ಕೈ ಬೇಕೇ ಬೇಕು. ನಿಮ್ಮ ಸುತ್ತಲಿನ ಹಿಂದೂ ಗೆಳೆಯರು ದೀಪಾವಳಿಗೆ ಬಲೀಂದ್ರನನ್ನು ಕರೆಯಲು ಅಂಗಳದಲ್ಲಿ ಕಂಬ ನೆಟ್ಟು ದೀಪ ಇಡುವುದನ್ನು ಮಗಳು ನೋಡಿರುತ್ತಾಳೆ, ‘ಅದೇ ಅಲ್ಲವೇ ಇದು?’ ಎನ್ನುತ್ತಾಳೆ. ಈ ಮಣ್ಣಿನಲ್ಲಿ ದೀಪ ಇಡುವ ಕ್ರಮ ಹತ್ತಿರ ಹತ್ತಿರವೇ, ಕಥೆ ಬೇರೆ ಎಂದು ಹೇಳಿದರೆ ಅವಳಿಗೆ ಅರ್ಥವಾಗುತ್ತದೆ. ಎಣ್ಣೆ ದೀಪದ ಬಳಿ ನೈಲಾನ್ ಫ್ರಾಕು ಬೇಡ, ಹತ್ತಿಯ ಬಟ್ಟೆ ಹಾಕಿಸಿ.

ಕೇಕಿನ ಪದ್ಧತಿ ಫ್ರಾನ್ಸ್, ಸ್ಪೇನ್, ಮೆಕ್ಸಿಕೊದ್ದು. ಒಳಗೆ ಒಂದು ಕಾಳೋ ಪುಟ್ಟ ಗೊಂಬೆಯೋ ಅಡಗಿರುತ್ತದೆ, ಸಿಕ್ಕವರು ಆ ದಿನದ ರಾಜ ಅಥವಾ ರಾಣಿ. ಫ್ರಾನ್ಸಿನಲ್ಲಿ ಮನೆಯ ಅತಿ ಕಿರಿಯ ಮಗು ಮೇಜಿನ ಕೆಳಗೆ ಕುಳಿತು, ಯಾವ ತುಂಡು ಯಾರಿಗೆ ಎಂದು ಕಾಣದೆಯೇ ಕೂಗಿ ಹೇಳುತ್ತದೆ. ನಿಮ್ಮಲ್ಲಿ ಓವನ್ ಇಲ್ಲದಿದ್ದರೆ ಚಿಂತೆ ಬೇಡ, ಬಾಳೆಹಣ್ಣಿನ ಗುಳಿಯಪ್ಪ ಮಾಡಿ. ಒಂದೇ ಒಂದು ಗುಳಿಗೆ ಖರ್ಜೂರದ ತುಂಡು ಹಾಕಿ, ಮಗನನ್ನು ಮೇಜಿನ ಕೆಳಗೆ ಕೂರಿಸಿ. ನಮ್ಮಲ್ಲಿ ಗೇರುಬೀಜ ಹೇರಳ, ಆದರೂ ಇಡೀ ಬೀಜ ಹಾಕಬೇಡಿ. ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಪದಾರ್ಥ ಅದು. ಪ್ಲಾಸ್ಟಿಕ್ ಗೊಂಬೆ ಖಂಡಿತ ಬೇಡ. ರಾಜನಾದವನಿಗೆ ಹಲಸಿನೆಲೆಯ ಕಿರೀಟ, ಜೊತೆಗೆ ಆ ರಾತ್ರಿ ಎಲ್ಲರಿಗೂ ತಟ್ಟೆ ಬಡಿಸುವ ಕೆಲಸ.

ಇನ್ನು ಕೊಡುವ ವಿಚಾರ. ಈ ಹಬ್ಬವನ್ನು ಸಭೆ ಮಕ್ಕಳ ಸೇವಾ ದಿನವಾಗಿಯೂ ಆಚರಿಸುತ್ತದೆ. ಫ್ರಾನ್ಸಿನ ಬಿಷಪ್ ಶಾರ್ಲ್ ದ ಫೋರ್ಬಿನ್ ಜಾನ್ಸನ್ 1843ರಲ್ಲಿ ಮಕ್ಕಳೇ ಮಕ್ಕಳಿಗೆ ನೆರವಾಗುವ ಸಂಘವೊಂದನ್ನು ಆರಂಭಿಸಿದರು, 1950ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅದಕ್ಕೊಂದು ದಿನವನ್ನು ಗೊತ್ತುಮಾಡಿದರು. ಜರ್ಮನಿಯಲ್ಲಿ ರಾಯರ ವೇಷದ ಮಕ್ಕಳು ನಕ್ಷತ್ರ ಹಿಡಿದು ಮನೆಮನೆಗೆ ಹಾಡುತ್ತ ಹೋಗಿ ಹಣ ಸಂಗ್ರಹಿಸುತ್ತಾರೆ. ನಮ್ಮ ಊರುಗಳಲ್ಲಿ ಹಣ ಕೇಳಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ, ನಾನಾ ಮತದ ಮನೆಗಳಿರುವಲ್ಲಿ ಅದು ಮುಜುಗರಕ್ಕೆ ಕಾರಣ. ತಿರುಗಾಮುರುಗಾ ಮಾಡಿ: ರಾಯರು ತಂದವರೇ ಹೊರತು ಕೇಳಿದವರಲ್ಲ. ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ಡಬ್ಬಿಯಲ್ಲಿ ಅಷ್ಟೊತ್ತಿಗೆ ಕಿಡಿಯೊ, ಗುಳಿಯೊ ಸ್ವಲ್ಪ ಉಳಿದಿರುತ್ತವೆ. ಮೂರು ಪೊಟ್ಟಣ ಕಟ್ಟಿ ಮೂರು ಮನೆಗೆ ಮಕ್ಕಳ ಕೈಯಲ್ಲಿ ಕಳುಹಿಸಿ. ಕ್ರಿಸ್‌ಮಸ್ ದಿನ ಕೊಟ್ಟ ಮನೆಗಳಿಗಲ್ಲ, ಬಿಟ್ಟುಹೋದ ಮನೆಗಳಿಗೆ.

ಇಷ್ಟನ್ನೂ ಒಂದೇ ವರ್ಷ ಮಾಡಲು ಹೊರಟರೆ ನೀವು ಸುಸ್ತು, ಮಕ್ಕಳು ರಗಳೆ. ರಾಯರನ್ನು ನಡೆಸುವುದು ಮತ್ತು ಜನವರಿ 6ರ ಸಂಜೆಯ ಧೂಪ, ಇವೆರಡು ಈ ವರ್ಷ ಇರಲಿ. ಬಾಗಿಲ ಬರಹಕ್ಕೆ ಎರಡು ನಿಮಿಷ ಸಾಕು, ಅದನ್ನು ಸೇರಿಸಬಹುದು. ಗುಳಿಯಪ್ಪ ನಿಮ್ಮ ಉತ್ಸಾಹಕ್ಕೆ ಬಿಟ್ಟದ್ದು.

ಗೋದಲಿಯನ್ನು ಹೊಸ ವರ್ಷದ ಮರುದಿನ ಬಿಚ್ಚಬೇಡಿ. ಲ್ಯಾಟಿನ್ ಸಭೆಯಲ್ಲಿ ಕ್ರಿಸ್‌ಮಸ್ ಕಾಲ ಮುಗಿಯುವುದು ಯೇಸುವಿನ ಸ್ನಾನದೀಕ್ಷೆಯ ಹಬ್ಬದಂದು. ಸಾಮಾನ್ಯವಾಗಿ ಅದು ರಾಯರ ಹಬ್ಬದ ಮುಂದಿನ ಭಾನುವಾರ, 2027ರಲ್ಲಿ ಜನವರಿ 10. ಅಲ್ಲಿಯವರೆಗೆ ಇರಲಿ. ಗೋದಲಿಯಲ್ಲಿ ಬಿತ್ತಿದ ರಾಗಿ, ಭತ್ತದ ಪೈರು ಆ ಹೊತ್ತಿಗೆ ಹಳದಿಯಾಗಿ ಬಾಗಿರುತ್ತದೆ. ಕಿತ್ತು ದನಕ್ಕೆ ಹಾಕಿ, ಇಲ್ಲವಾದರೆ ತೆಂಗಿನ ಬುಡಕ್ಕೆ. ಹಾಳೆಯ ರಾಯರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯುವುದು ಖಚಿತ. ಎರಡು ದಿನ ಚೆನ್ನಾಗಿ ಬಿಸಿಲಿಗೆ ಇಟ್ಟು, ಹಳೆಯ ಪತ್ರಿಕೆಯಲ್ಲಿ ಸುತ್ತಿ, ನಾಲ್ಕು ಲವಂಗ ಹಾಕಿದ ತಗಡಿನ ಡಬ್ಬಿಯಲ್ಲಿ ಅಡುಗೆಮನೆಯ ಅಟ್ಟದ ಮೇಲಿಡಿ. ಆದರೂ ಒಬ್ಬಿಬ್ಬರು ಹುಳ ಹಿಡಿದು ಹೋಗುತ್ತಾರೆ. ಮುಂದಿನ ಡಿಸೆಂಬರಿನಲ್ಲಿ ತೋಟದಿಂದ ಇನ್ನೊಂದು ಹಾಳೆ ಹೆಕ್ಕಿಕೊಂಡು ಬಂದರಾಯಿತು.